ಸತ್ತವರ ಕಡೆಯವರು

ಡ್ರೈವಿಂಗ್ ಲೈಸೆನ್ಸ್ ಕೊಡುವ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ಸುಣ್ಣದ ಗೆರೆ ಎಳೆದ ಮೈದಾನ, ಅದರ ಮೂಲೆಯಲ್ಲೊಂದು ತಗಡಿನ ಚಪ್ಪರ, ಚಪ್ಪರದ ಕೆಳಗೆ ಮುಖ ಗಂಟಿಕ್ಕಿಕೊಂಡು ಕೂತ ನಾನು. ಬಂದವರೆಲ್ಲ ಗಾಡಿ ಓಡಿಸುತ್ತ ನೆಲದ ಮೇಲೆ ಎಂಟು ಹಾಕಬೇಕಿತ್ತು. ಕಾಲು ನೆಲಕ್ಕೆ ತಾಗಿದರೆ ಮನೆಗೆ ಹೋಗಿ ಇನ್ನೊಂದು ದಿನ ಬರಬೇಕಿತ್ತು. ಮಂತ್ರಿಯ ಅಳಿಯನಿಗೂ ಅದೇ ಎಂಟು, ಹಾಲು ಹಾಕುವವನಿಗೂ ಅದೇ ಎಂಟು. ಕೆಲವರು ಅತ್ತರು, ಕೆಲವರು ನನ್ನನ್ನು ವರ್ಗ ಮಾಡಿಸುವುದಾಗಿ ಹೆದರಿಸಿದರು. ನಾನು ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. "ಮೊಮ್ಮಗಳು ಅಂಬೆಗಾಲಿಡೋವಾಗ್ಲೂ ಇವರು ಗೆರೆ ದಾಟಿದ್ಲಾ ಅಂತ ನೋಡ್ತಾ ಕೂತಿದ್ರು" ಎಂದು ನನ್ನ ಹೆಂಡತಿ ಬಂದವರೆದುರು ಆಡಿಕೊಳ್ಳುವುದುಂಟು. ಅದರಲ್ಲಿ ಸುಳ್ಳೇನೂ ಇಲ್ಲ.

ನಿವೃತ್ತಿಯಾದ ಮೇಲೆ ನನ್ನನ್ನು ಜೈಲಿನ ಬಿಡುಗಡೆ ಸಮಿತಿಗೆ ಹಾಕಿದರು. ಜೀವಾವಧಿ ಶಿಕ್ಷೆಯಾದವರನ್ನು ಕೆಲವು ವರ್ಷಗಳ ನಂತರ ಹೊರಗೆ ಬಿಡಬಹುದೇ ಎಂದು ಹೇಳುವ ಸಮಿತಿ ಅದು. ಅದರಲ್ಲಿ ಪೊಲೀಸು, ಕೋರ್ಟು, ಜೈಲು ಯಾವುದಕ್ಕೂ ಸೇರದ ಒಬ್ಬ ಸಾಮಾನ್ಯ ನಾಗರಿಕ ಇರಬೇಕೆಂದು ನಿಯಮ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಅವರ ಮಗನನ್ನು ನಾನು ಹಿಂದೆ ಎರಡು ಸಲ ಫೇಲು ಮಾಡಿದ್ದೆ. ಅದನ್ನು ನೆನಪಿಟ್ಟುಕೊಂಡೇ ನನ್ನ ಹೆಸರು ಸೂಚಿಸಿದರಂತೆ. ದೊಡ್ಡ ಮನಸ್ಸಿನ ಮನುಷ್ಯ. ಬೆನ್ನು ನೋವಿಗೆಂದು ಮನೆಯಿಂದಲೇ ಒಂದು ದಿಂಬು ತಂದು ಕುರ್ಚಿಗೆ ಇಟ್ಟುಕೊಳ್ಳುತ್ತಿದ್ದರು. ಉಳಿದ ಮೂವರು ಜೈಲಿನ ಸೂಪರಿಂಟೆಂಡೆಂಟ್, ಒಬ್ಬ ಪೊಲೀಸ್ ಅಧಿಕಾರಿ ಮತ್ತು ಒಬ್ಬಾಕೆ ಮನೋವೈದ್ಯೆ.

ಸಮಿತಿ ಉತ್ತರಿಸಬೇಕಾದ ಪ್ರಶ್ನೆ ಒಂದೇ. ಈ ಮನುಷ್ಯನನ್ನು ಹೊರಗೆ ಬಿಟ್ಟರೆ ಇನ್ನೊಬ್ಬರಿಗೆ ಅಪಾಯವಿದೆಯೇ? ಮಾಡಿದ ತಪ್ಪಿಗೆ ಶಿಕ್ಷೆ ಎಷ್ಟೆಂಬುದನ್ನು ಕೋರ್ಟು ಆಗಲೇ ಹೇಳಿ ಮುಗಿಸಿದೆ, ಅದು ನಮ್ಮ ಕೆಲಸವಲ್ಲ. ಕೇಳಿದಾಗ ನನಗೆ ಖುಷಿಯಾಯಿತು. ಇದೂ ಒಂದು ರೀತಿಯಲ್ಲಿ ನನ್ನ ಹಳೆಯ ಕೆಲಸವೇ ಅಂದುಕೊಂಡೆ.

ಸಭೆ ನಡೆಯುವುದು ಜೈಲಿನ ಮುಂಭಾಗದ ಕಟ್ಟಡದ ಮಹಡಿಯಲ್ಲಿ. ಉದ್ದನೆಯ ಮೇಜು, ಅದರ ಆಚೆ ಕೈದಿ ನಿಲ್ಲುವ ಜಾಗ, ಕಿಟಕಿಯ ಪಕ್ಕ ಒಂದು ತೋಳಿಲ್ಲದ ಕುರ್ಚಿ. ಮನೋವೈದ್ಯೆ ತನ್ನ ವರದಿ ಓದುತ್ತಾಳೆ. ಅಪಾಯ ಹೆಚ್ಚು, ಮಧ್ಯಮ, ಕಡಿಮೆ, ಈ ಮೂರರಲ್ಲಿ ಒಂದು. ಕೈದಿಯನ್ನು ಮಾತಾಡಿಸಿ ಪಕ್ಕದ ಕೋಣೆಗೆ ಕಳಿಸುತ್ತೇವೆ. ಆಮೇಲೆ ವಾರ್ಡರ್ ಹೊರಗಿನ ಬಾಗಿಲು ತೆರೆದು, ಸತ್ತವರ ಹೆಸರು ಹೇಳಿ, ಕಾರಿಡಾರಿನ ಉದ್ದಕ್ಕೂ ಕೇಳುವಂತೆ ಕೂಗುತ್ತಾನೆ. "ಸತ್ತವರ ಕಡೆಯವರು ಯಾರಾದ್ರೂ ಇದೀರಾ?" ಹೀಗೆ ಮೂರು ಸಲ. ಯಾರಾದರೂ ಇದ್ದರೆ ಬಂದು ಆ ಕುರ್ಚಿಯಲ್ಲಿ ಕೂತು ಹೇಳಬೇಕಾದ್ದನ್ನು ಹೇಳುತ್ತಾರೆ. ಆ ಕೂಗು ಯಾವ ನಿಯಮದಲ್ಲೂ ಇರಲಿಲ್ಲ. ಯಾರೋ ಹಳೆಯ ಅಧ್ಯಕ್ಷರು ಮರುಕದಿಂದ ಶುರುಮಾಡಿದ್ದಂತೆ, ಹಾಗೇ ನಡೆದುಕೊಂಡು ಬಂದಿತ್ತು.

ಮೊದಮೊದಲು ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು, ಹೊಳೆದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೆಂಡತಿಯನ್ನು ಕೊಂದವನೊಬ್ಬ ಬಂದ. ಅವಳ ತವರಿನವರು ಊರವರ ಬಾಯಿಗೆ ಹೆದರಿ ಬರಲಿಲ್ಲ. ಅವನು ಹೊರಗೆ ಹೋದ. ಕುಡಿದ ಜಗಳದಲ್ಲಿ ಗೆಳೆಯನನ್ನು ತಳ್ಳಿ ಸಾಯಿಸಿದ ಇನ್ನೊಬ್ಬ ಬಂದ. ಸತ್ತವನ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ವ್ಯಾನು ಮಾಡಿಕೊಂಡು ಬಂದಿದ್ದರು. ಅವನು ಒಳಗೇ ಉಳಿದ. ಮನೋವೈದ್ಯೆ ಬರೆದದ್ದು ಎರಡೂ ಸಲ ಇದಕ್ಕೆ ತಿರುಗುಮುರುಗಾಗಿತ್ತು. ಬಾಗಿಲಲ್ಲಿ ಯಾರಾದರೂ ಓಗೊಟ್ಟರೆ ಕೈದಿ ಅಪಾಯಕಾರಿ, ಯಾರೂ ಓಗೊಡದಿದ್ದರೆ ಸಾಧು.

ಚಹಾ ಕುಡಿಯುವಾಗ ಅಧ್ಯಕ್ಷರಿಗೆ ಹೇಳಿದೆ. "ಸಾರ್, ಆ ಕೂಗೋದನ್ನ ನಿಲ್ಲಿಸಿಬಿಡೋಣ."

"ಯಾಕ್ರೀ? ಪಾಪ, ಹೊಟ್ಟೆಯೊಳಗಿನ ಸಂಕಟ ಹೇಳ್ಕೊಳ್ಳೋಕೆ ಅವರಿಗಿರೋದು ಇದೊಂದೇ ಜಾಗ."

"ಹೇಳ್ಕೊಳ್ಳಲಿ ಸಾರ್, ಬೇಡ ಅಂದವರ್ಯಾರು. ಆದ್ರೆ ಯಾರೂ ಬರದೇ ಇದ್ರೆ ಅದನ್ನ ನಾವು ಒಪ್ಪಿಗೆ ಅಂತ ತಿಳ್ಕೊಳ್ತಿದೀವಿ. ಕೇಳೋರಿಲ್ಲದವರನ್ನ ಕೊಂದವನು ಬೇಗ ಹೊರಗೆ ಬರ್ತಾನೆ. ದೊಡ್ಡ ಸಂಸಾರದವರನ್ನ ಕೊಂದವನು ಅಲ್ಲೇ ಕೊಳೀತಾನೆ. ನಮ್ಮನ್ನ ಕೇಳಿರೋ ಪ್ರಶ್ನೆ ಇದಲ್ಲವಲ್ಲ."

"ನೀವು ಎಲ್ಲರ ಕೈಲೂ ಎಂಟು ಹಾಕಿಸೋರೇ ಬಿಡಿ" ಎಂದು ಅಧ್ಯಕ್ಷರು ನಕ್ಕರು. ಪೊಲೀಸ್ ಅಧಿಕಾರಿಯೂ ನಕ್ಕರು. ಮನೋವೈದ್ಯೆ ಮಾತ್ರ ಮೆಟ್ಟಿಲಿಳಿಯುವಾಗ ನನ್ನ ಜೊತೆಯಾಗಿ, "ನನ್ನ ವರದಿ ಓದಿಸ್ಕೊಳ್ತಾರೆ, ಅಷ್ಟೆ. ಅದಾದ್ಮೇಲೆ ಎಲ್ಲರೂ ಬಾಗಿಲ ಕಡೆ ನೋಡ್ತಾರೆ" ಅಂದಳು. ಅವಳಿಗೂ ಬೇಸತ್ತಿತ್ತು.

ನಕ್ಕವರಿಗೆ ಮಾತಲ್ಲಿ ಹೇಳಿ ಪ್ರಯೋಜನವಿಲ್ಲ, ಕಣ್ಣಾರೆ ತೋರಿಸಬೇಕು ಎಂದು ನಾನು ಹಟಕ್ಕೆ ಬಿದ್ದೆ. ಅದಕ್ಕೆ ಸರಿಯಾದ ಜೋಡಿಯೊಂದು ಸಿಕ್ಕಿತು. ವಾರ್ಡರ್‌ಗಳು ಅವರನ್ನು ಜೋಡೆತ್ತು ಅನ್ನುತ್ತಿದ್ದರು, ಯಾಕೆಂದರೆ ಇಬ್ಬರೂ ಒಂದೇ ದಿನ, ಒಂದೇ ವ್ಯಾನಿನಲ್ಲಿ ಜೈಲಿಗೆ ಬಂದವರು. ಒಬ್ಬನಿಗೆ ಜೈಲಿನ ಬೇಕರಿಯಲ್ಲಿ ಕೆಲಸ, ಇನ್ನೊಬ್ಬನಿಗೆ ಪುಸ್ತಕ ಬೈಂಡಿಂಗಿನಲ್ಲಿ. ಹಿಂದೊಮ್ಮೆ ಇಬ್ಬರೂ ಸೇರಿ ಕಾಗದದ ಗೋದಾಮೊಂದಕ್ಕೆ ಸಂಜೆ ಮುಚ್ಚುವ ಹೊತ್ತಿಗೆ ನುಗ್ಗಿದ್ದರು. ಬೈಂಡಿಂಗಿನವನು ಬೀಗದ ಕೈ ಕೊಡದ ಗುಮಾಸ್ತನಿಗೆ ಚೂರಿ ಹಾಕಿದ. ಗುಮಾಸ್ತನ ಕೂಗು ಕೇಳಿ ಗೇಟಿನಿಂದ ಓಡಿಬಂದ ಕಾವಲುಗಾರನಿಗೆ ಬೇಕರಿಯವನು ಚೂರಿ ಹಾಕಿದ. ಚೂರಿ ತಿಂದವರಿಬ್ಬರೂ ಅಲ್ಲೇ ಸತ್ತರು. ಕೋರ್ಟು ಒಂದೇ ಉಸಿರಿನಲ್ಲಿ ಇಬ್ಬರಿಗೂ ಒಂದೇ ಶಿಕ್ಷೆ ಓದಿತ್ತು.

ಗುಮಾಸ್ತನಿಗೆ ಒಬ್ಬಳು ಅಕ್ಕ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಬೈಂಡಿಂಗಿನವನ ವಿಷಯ ಸಮಿತಿಯ ಮುಂದೆ ಬಂದಾಗಲೆಲ್ಲ, ಅಂದರೆ ಪ್ರತಿ ವರ್ಷ ಶಾಲೆ ಶುರುವಾಗುವ ತಿಂಗಳ ಮೊದಲ ಸೋಮವಾರ, ಅವಳು ಅಂಗಡಿ ಮುಚ್ಚಿ ಬಂದು ಕೂರುತ್ತಿದ್ದಳು. ಪ್ರತಿ ವರ್ಷ ಅವನು ಒಳಗೇ ಉಳಿಯುತ್ತಿದ್ದ. ಕಾವಲುಗಾರನಿಗೆ ಹಿಂದಿಲ್ಲ ಮುಂದಿಲ್ಲ. ಗೇಟಿನ ಪಕ್ಕದ ಗೂಡಿನಲ್ಲಿ ಮಲಗುತ್ತಿದ್ದ ಮುದುಕ ಎಂಬುದನ್ನು ಬಿಟ್ಟರೆ ಅವನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಬೇಕರಿಯವನ ಅರ್ಜಿ ಅದೇ ವರ್ಷ ಮೊದಲ ಸಲ ಬಂದಿತ್ತು. ಒಳಗೆ ಮಾಡಿಕೊಂಡ ಹೊಡೆದಾಟಗಳಿಂದಾಗಿ ಅಲ್ಲಿಯವರೆಗೂ ಅವನಿಗೆ ಅರ್ಜಿ ಹಾಕಲು ಬಿಟ್ಟಿರಲಿಲ್ಲ.

"ಒಂದೇ ಕೇಸು, ಒಂದೇ ದಿನ ತೊಗೊಂಡ್ರೆ ಎಲ್ಲರಿಗೂ ಸಲೀಸು" ಅಂದೆ. ಸಲೀಸು ಅಂದರೆ ಸೂಪರಿಂಟೆಂಡೆಂಟರು ಯಾವತ್ತೂ ಬೇಡ ಅಂದವರಲ್ಲ.

ಆ ಸೋಮವಾರ ನಾನು ಮೆಟ್ಟಿಲು ಹತ್ತಿ ಬರುವಾಗಲೇ ಅಕ್ಕ ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಛತ್ರಿ, ತೊಡೆಯ ಮೇಲೆ ಚೀಲ. ಐವತ್ತು ದಾಟಿದ ಹೆಂಗಸು. ಸೀರೆಯ ಸೆರಗಿಗೆ ಒಂದು ಗುಂಡುಸೂಜಿ ಸಿಕ್ಕಿಸಿಕೊಂಡೇ ಬಂದಿದ್ದಳು, ಬಹುಶಃ ತೆಗೆಯಲು ಮರೆತಿದ್ದಳು.

ಮೊದಲು ಬೇಕರಿಯವನು. ಎರಡೂ ಮುಂಗೈ ತುಂಬ ಒಲೆಯ ಸುಟ್ಟ ಕಲೆ. ಯಾರೋ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ, ಕೈ ಕಟ್ಟಿಕೊಂಡು "ತಪ್ಪಾಯ್ತು ಸಾರ್, ಇನ್ನು ನೆಟ್ಟಗಿರ್ತೀನಿ" ಅಂದ. ಮನೋವೈದ್ಯೆ ಓದಿದಳು. ನಾದಿದ ಹಿಟ್ಟಿನ ವಿಷಯಕ್ಕೆ ಜಗಳವಾಗಿ ಒಲೆಯ ಸಲಿಕೆಯಿಂದ ಜೊತೆಯವನ ದವಡೆ ಮುರಿದದ್ದು ಹಿಂದಿನ ವರ್ಷವಷ್ಟೇ. ಕಾವಲುಗಾರನ ಬಗ್ಗೆ ಕೇಳಿದರೆ, "ಅವನ್ಯಾಕೆ ಓಡಿ ಬಂದ? ಅವನ ಪಾಡಿಗೆ ಗೇಟಲ್ಲಿ ಇರ್ಬೇಕಿತ್ತು" ಅಂದಿದ್ದ. ಕೊನೆಯ ಸಾಲು, ಅಪಾಯ ಹೆಚ್ಚು.

ಅವನನ್ನು ಪಕ್ಕದ ಕೋಣೆಗೆ ಕಳಿಸಿದರು. ವಾರ್ಡರ್ ಬಾಗಿಲು ತೆರೆದು ಕಾವಲುಗಾರನ ಹೆಸರು ಹೇಳಿ ಕೂಗಿದ. ಯಾರೂ ಬರುವುದಿಲ್ಲವೆಂದು ಅವನಿಗೂ ಗೊತ್ತಿದ್ದರಿಂದ ಮೂರನೆಯ ಸಲದ ಕೂಗು ಅರ್ಧಕ್ಕೇ ಆಕಳಿಕೆಯಾಯಿತು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. "ಆಕ್ಷೇಪಣೆ ಯಾರದೂ ಇಲ್ಲ. ಶಿಕ್ಷೆಯೂ ಸಾಕಷ್ಟು ಅನುಭವಿಸಿದ್ದಾನೆ" ಅಂದರು. ಸೂಪರಿಂಟೆಂಡೆಂಟ್ ತಲೆಯಾಡಿಸಿದರು. ಅಂಥವನು ತಮ್ಮ ಜೈಲಿನಿಂದ ತೊಲಗಿದರೆ ಅವರಿಗೂ ನೆಮ್ಮದಿ.

"ಇಬ್ಬರನ್ನೂ ಕೇಳಿಯಾದ್ಮೇಲೆ ಬರೆಯೋಣ ಸಾರ್" ಅಂದೆ. ಅಧ್ಯಕ್ಷರು ಪೆನ್ನು ಕೆಳಗಿಟ್ಟರು, ಮುಖ ಸ್ವಲ್ಪ ಸಪ್ಪಗಾಯಿತು.

ಬೈಂಡಿಂಗಿನವನು ಬಂದ. ಕನ್ನಡಕದ ಒಂದು ಕಡ್ಡಿಗೆ ಬೈಂಡಿಂಗಿನ ದಾರವನ್ನೇ ಸುತ್ತಿಕೊಂಡಿದ್ದ. ಇಷ್ಟು ವರ್ಷದಲ್ಲಿ ಅವನ ಮೇಲೆ ಒಂದೂ ದೂರಿಲ್ಲ, ಎರಡು ಸಲ ಹೊಡೆದಾಟ ಬಿಡಿಸಲು ಹೋಗಿ ತಾನೇ ಏಟು ತಿಂದಿದ್ದ. ಮನೋವೈದ್ಯೆಯ ಕೊನೆಯ ಸಾಲು, ಅಪಾಯ ಕಡಿಮೆ. ಆಕೆ ಓದುವಷ್ಟು ಹೊತ್ತೂ ಅವನು ಹೊರಗಿನ ಬಾಗಿಲನ್ನೇ ನೋಡುತ್ತಿದ್ದ. ಅಧ್ಯಕ್ಷರು ಏನಾದರೂ ಹೇಳುವುದಿದೆಯೇ ಅಂದರೆ, "ಅವರ ಅಕ್ಕ ಬಂದಿದಾರಾ ಸಾರ್?" ಅಂತ ಕೇಳಿದ. ಬಂದಿದ್ದಾರೆ ಅಂದರು. "ಹಾಗಾದ್ರೆ ನಾನೇನು ಹೇಳೋದು" ಎಂದು ತಾನೇ ಪಕ್ಕದ ಕೋಣೆಯ ಕಡೆ ಹೊರಟ. ಎಂಟು ಹಾಕುವ ಮೊದಲೇ ಫೇಲಾದೆನೆಂದು ಗಾಡಿ ತಳ್ಳಿಕೊಂಡು ವಾಪಸ್ಸು ಹೋಗುವವರನ್ನು ನಾನು ಮೈದಾನದಲ್ಲಿ ಎಷ್ಟೋ ಸಲ ನೋಡಿದ್ದೆ. ನನಗೆ ಕೆಡುಕೆನಿಸಿತು.

ವಾರ್ಡರ್ ಕೂಗಿದ್ದು ಒಂದೇ ಸಲ. ಅಕ್ಕ ಬಂದು ತೋಳಿಲ್ಲದ ಕುರ್ಚಿಯಲ್ಲಿ ಕೂತಳು.

"ಹೇಳಿ ಅಮ್ಮ" ಅಂದರು ಅಧ್ಯಕ್ಷರು.

"ಹೇಳೋದೇನಿದೆ ಸಾರ್, ಪ್ರತಿ ವರ್ಷ ಹೇಳಿದ್ದೇ. ವರ್ಷಕ್ಕೆ ಇದೊಂದೇ ದಿನ ಅಂಗಡಿ ಮುಚ್ಚೋದು ನಾನು. ಇದೇ ತಿಂಗಳು ಕೈ ತುಂಬ ಕೆಲಸ ಇರುತ್ತೆ, ಆದ್ರೂ ಮುಚ್ತೀನಿ. ಬರದೇ ಇದ್ರೆ ನನ್ನ ತಮ್ಮನಿಗೆ ಯಾರೂ ಇಲ್ಲ ಅಂದ್ಕೊಳ್ತೀರಿ." ಆಮೇಲೆ, "ಸಾರ್, ನನಗಿಂತ ಮೊದಲು ಕೂಗಿದ್ರಲ್ಲ, ಅದು ಆ ಕಾವಲಿನ ತಾತನ ಹೆಸರಲ್ವಾ?" ಅಂದಳು.

"ಹೌದು."

"ಯಾರೂ ಬರಲಿಲ್ಲ."

"ಇಲ್ಲ."

"ಹಾಗಾದ್ರೆ ಅವನನ್ನ ಕೊಂದವನನ್ನ ಬಿಟ್ಟುಬಿಡ್ತೀರಾ?"

"ಅದು ಇನ್ನೂ ತೀರ್ಮಾನ ಆಗಿಲ್ಲಮ್ಮ" ಅಂದರು ಅಧ್ಯಕ್ಷರು. ಅವಳು ಬಾಗಿಲ ಬಳಿಯ ವಾರ್ಡರನನ್ನು ನೋಡಿದಳು. ಅವನಿಗೆ ಮನಸ್ಸಿನಲ್ಲಿದ್ದದ್ದನ್ನು ಮರೆಮಾಡಿ ಅಭ್ಯಾಸವಿಲ್ಲ, ಗೋಡೆ ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು.

"ಆ ತಾತ ಸತ್ತಿದ್ದು ನನ್ನ ತಮ್ಮ ಕೂಗಿದ್ದಕ್ಕೆ ಸಾರ್. ಕೂಗು ಕೇಳಿ ಓಡಿ ಬಂದ. ಅವನ ಪಾಡಿಗೆ ಅವನು ಗೇಟಲ್ಲಿ ಇದ್ದಿದ್ರೆ ಬದುಕ್ಕೋತಿದ್ದ. ನೀವು ಮೂರು ಸಲ ಕೂಗಿದ್ರಿ, ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಅವನ ಕಡೆಯವಳು ಅಂತಲೂ ನನ್ನನ್ನೇ ಬರ್ಕೊಳ್ಳಿ."

ಬೇಕರಿಯವನೂ ಬಹುಮಟ್ಟಿಗೆ ಅದೇ ಮಾತು ಆಡಿದ್ದ. ಅದನ್ನು ಅವಳು ಕೇಳಿರಲಿಲ್ಲ. ನಾವು ಐವರೂ ಕೇಳಿದ್ದೆವು, ಹಾಗಾಗಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಸಂಬಂಧಿಕರು ಮಾತ್ರ ಹೇಳಬಹುದಮ್ಮ" ಅಂದರು ಪೊಲೀಸ್ ಅಧಿಕಾರಿ.

"ಹಾಗಂತ ನಿಯಮ ಇದೆಯಾ?" ಎಂದು ನಾನು ಕೇಳಿದೆ. ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೂಗುವುದಕ್ಕೇ ನಿಯಮವಿಲ್ಲದ ಮೇಲೆ ಓಗೊಡುವುದಕ್ಕೆಲ್ಲಿಂದ ಬರಬೇಕು. ಅಧ್ಯಕ್ಷರು ಬೆನ್ನಿನ ದಿಂಬು ಸರಿಪಡಿಸಿಕೊಂಡು, "ಆಯ್ತಮ್ಮ, ಹೇಳಿ. ಕಾವಲುಗಾರನ ಕಡೆಯಿಂದ ಏನು ಹೇಳ್ತೀರಿ?" ಅಂದರು.

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಬಟ್ಟೆ ಕತ್ತರಿಸುವ ಮುಂಚೆ ಅಳತೆ ನೋಡುವವರ ಹಾಗೆ.

"ತಾತನನ್ನ ಕೊಂದವನ ಮುಖ ನನಗೆ ನೆನಪಿಲ್ಲ ಸಾರ್. ಕೋರ್ಟಿನಲ್ಲಿ ನಾನು ಇನ್ನೊಬ್ಬನನ್ನೇ ನೋಡ್ತಿದ್ದೆ. ಅವನು ಈಗ ಹೇಗಿದಾನೋ, ಬುದ್ಧಿ ಬಂದಿದೆಯೋ ಇಲ್ಲವೋ ನನಗೇನು ಗೊತ್ತು. ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ರೆ ತಪ್ಪಾಗುತ್ತೆ. ದಿನಾ ನೋಡೋರು ಇರ್ತಾರಲ್ಲ, ಈ ಡಾಕ್ಟರಮ್ಮ ಇದಾರಲ್ಲ, ಅವರನ್ನ ಕೇಳಿ. ಅವನು ಇನ್ನೂ ಹಾಗೇ ಇದ್ರೆ ಬಿಡಬೇಡಿ. ಬದಲಾಗಿದ್ರೆ" ಎಂದವಳು ಅಲ್ಲಿಗೆ ನಿಲ್ಲಿಸಿಬಿಟ್ಟಳು.

ನಾನು ಏನೂ ಹೇಳಿಕೊಡಬೇಕಾಗಲಿಲ್ಲ, ತಾನು ಎಲ್ಲಿಗೆ ಬಂದು ನಿಂತೆನೆಂದು ಅವಳಿಗೇ ತಿಳಿದಿತ್ತು. ಅವಳು ನನ್ನ ಕಡೆ ತಿರುಗಿದಳು. ಆ ನಿಯಮದ ಪ್ರಶ್ನೆ ಕೇಳಿದವನು ನಾನೇ ಆದ್ದರಿಂದ ಇರಬೇಕು.

"ಈಗ ಇದೇ ಮಾತನ್ನ ನನ್ನ ಕಡೆಗೂ ತಿರುಗಿಸ್ತೀರಿ, ಅಲ್ವಾ?"

"ತಿರುಗಿಸಲೇಬೇಕಾಗುತ್ತಮ್ಮ" ಅಂದೆ.

"ನನ್ನ ತಮ್ಮನನ್ನ ಕೊಂದವನ ವಿಷಯ ಡಾಕ್ಟರಮ್ಮ ಏನು ಬರ್ದಿದಾರೆ?"

ಹೇಳಬಾರದಿತ್ತು. ಅಧ್ಯಕ್ಷರು ಬೇಡವೆಂಬಂತೆ ಕೈ ಎತ್ತಿದರು ಕೂಡ. ಆದರೆ ಮನೋವೈದ್ಯೆ ತಲೆ ತಗ್ಗಿಸಿದ್ದು ಅವಳಿಗೆ ಕಂಡುಹೋಯಿತು. ಕೆಟ್ಟ ವರದಿ ಬರೆದವರು ಸಂತ್ರಸ್ತರೆದುರು ಹಾಗೆ ತಲೆ ತಗ್ಗಿಸುವುದಿಲ್ಲ.

"ನನ್ನ ತಮ್ಮನಿಗೆ ಅನ್ನ ಕಲಸಿ ತಿನ್ನಿಸಿದವಳು ನಾನು" ಅಂದಳು ಅಕ್ಕ. "ಅವನನ್ನ ಬಿಡಿ ಅಂತ ನನ್ನ ಬಾಯಿಂದ ಹೊರಡಲ್ಲ. ಈ ಜನ್ಮದಲ್ಲಿ ಹೊರಡಲ್ಲ. ತಾತನ ವಿಷಯದಲ್ಲಿ ಹೇಳಿದ್ದು ಹೇಳಿಯಾಯ್ತು, ಅದನ್ನೂ ವಾಪಸ್ಸು ತೊಗೊಳ್ಳಲ್ಲ." ಅವಳು ಎದ್ದು ಛತ್ರಿ ಹಿಡಿದುಕೊಂಡು ಹೊರಗೆ ಹೋದಳು.

ಆಮೇಲಿನದು ಬೇಗ ಮುಗಿಯಿತು. ಪೊಲೀಸ್ ಅಧಿಕಾರಿ, "ರಗಳೆ ಯಾಕೆ, ಇಬ್ಬರೂ ಒಳಗೇ ಇರಲಿ. ಸಮಾನತೆಯೂ ಆಯ್ತು" ಅಂದರು. ನನಗೆ ರೇಗಿತು. ನೆಟ್ಟಗೆ ಎಂಟು ಹಾಕಿದವನನ್ನೂ ಬಿದ್ದವನನ್ನೂ ಒಟ್ಟಿಗೆ ಫೇಲು ಮಾಡುವುದು ಸಮಾನತೆಯಲ್ಲ, ಸೋಮಾರಿತನ ಅಂದೆ. ಅಷ್ಟು ಜೋರಾಗಿ ಹೇಳಬಾರದಿತ್ತೇನೋ. ಅಧ್ಯಕ್ಷರು ಬಹಳ ಹೊತ್ತು ಕಿಟಕಿ ಪಕ್ಕದ ಆ ಕುರ್ಚಿಯನ್ನು ನೋಡುತ್ತ ಕೂತರು. ಕೊನೆಗೆ ವರದಿಗಳೆರಡನ್ನೂ ಹತ್ತಿರ ಎಳೆದುಕೊಂಡು ತಾವೇ ಮತ್ತೊಮ್ಮೆ ಓದಿದರು. ಬೇಕರಿಯವನು ಒಳಗೆ ಉಳಿಯಬೇಕು, ಬೈಂಡಿಂಗಿನವನು ಹೋಗಬಹುದು. ಈ ಊರಿಗೆ ಕಾಲಿಡಬಾರದೆಂದು ಷರತ್ತು ಹಾಕಿದೆವು. ಮೊದಲನೆಯದಕ್ಕೆ ಸೂಪರಿಂಟೆಂಡೆಂಟರ ಕೈ ಏಳಲಿಲ್ಲ, ಎರಡನೆಯದಕ್ಕೆ ಪೊಲೀಸ್ ಅಧಿಕಾರಿಯ ಕೈ ಏಳಲಿಲ್ಲ.

ತೀರ್ಮಾನ ಹೇಳಲು ಬೈಂಡಿಂಗಿನವನನ್ನು ಕರೆಸಿದರು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅವರು ಬಂದಿದ್ರಲ್ಲ ಸಾರ್" ಎಂದು ಎರಡು ಸಲ ಹೇಳಿದ, ಎಲ್ಲೋ ತಪ್ಪಾಗಿದೆ, ತಿದ್ದಿಕೊಳ್ಳಿ ಅನ್ನುವ ಹಾಗೆ.

ನೀರು ಕುಡಿಯಲೆಂದು ಹೊರಗೆ ಬಂದರೆ ಅಕ್ಕ ಬೆಂಚಿನ ಅದೇ ತುದಿಯಲ್ಲಿ ಕೂತಿದ್ದಳು. ನಾನು ತಲೆ ತಪ್ಪಿಸಿಕೊಂಡು ಹೋಗಬಹುದಿತ್ತು.

"ತಾತನ ಕಡೆಯದು ಏನಾಯ್ತು?" ಅಂದಳು.

"ಅವನನ್ನ ಬಿಡಲ್ಲ."

"ನಮ್ಮದು?"

"ಹೋಗ್ತಾನಮ್ಮ. ಈ ಊರಿಗೆ ಬರೋ ಹಾಗಿಲ್ಲ."

ಅವಳು ಅಳಲಿಲ್ಲ. ಸೆರಗಿನ ಗುಂಡುಸೂಜಿ ಆಗ ಅವಳ ಕಣ್ಣಿಗೆ ಬಿತ್ತು. ಅದನ್ನು ತೆಗೆದು ಚೀಲದ ಪಟ್ಟಿಗೆ ಚುಚ್ಚಿಟ್ಟಳು. "ಇಷ್ಟು ವರ್ಷ ಅವನನ್ನ ಕಾನೂನು ಹಿಡ್ಕೊಂಡಿದೆ ಅಂದ್ಕೊಂಡಿದ್ದೆ" ಅಂದಳು. "ನಾನು ಹಿಡ್ಕೊಂಡಿದ್ದೆ. ಒಂದು ವರ್ಷ ಜ್ವರ ಬಂದು ಮಲಗಿದ್ರೆ ಹೋಗ್ಬಿಡ್ತಿದ್ದ." ಅವಳು ಎದ್ದಳು. "ನೀವು ಮಾಡಿದ್ದು ಸರಿಯೇ ಇರಬೇಕು. ಆದ್ರೆ ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬೇಡಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಯಾವತ್ತಿನಂತೆ ಆಡಿಕೊಳ್ಳಲಿಲ್ಲ. "ಮೊಮ್ಮಗಳ ಯೂನಿಫಾರ್ಮು ಅವರ ಹತ್ರಾನೇ ಹೊಲಿಸಿದ್ದು ಕಣ್ರೀ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ರಾತ್ರಿ ನನಗೆ ಊಟ ರುಚಿಸಲಿಲ್ಲ. ಮಾಡಿದ್ದು ಸರಿ ಎಂಬುದರಲ್ಲಿ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಊಟ ರುಚಿಸಲಿಲ್ಲ ಅಷ್ಟೆ.

ಮುಂದಿನ ತಿಂಗಳಿಂದ ಕೂಗು ನಿಂತಿತು. ಸತ್ತವರ ಕಡೆಯವರಿಗೆ ಬೇರೆಯೇ ದಿನ ಗೊತ್ತು ಮಾಡಿದರು. ಅವತ್ತು ಅಧ್ಯಕ್ಷರೊಬ್ಬರೇ ಕೂತು ಎಲ್ಲರ ಮಾತನ್ನೂ ಕೇಳುತ್ತಾರೆ, ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸುವುದಿಲ್ಲ. ನಾವು ಐವರು ಕೂರುವ ದಿನ ಮನೋವೈದ್ಯೆಯ ವರದಿ ಮತ್ತು ವಾರ್ಡರ್‌ಗಳ ಮಾತು ಮಾತ್ರ. ತಪ್ಪುಗಳು ಈಗಲೂ ಆಗುತ್ತವೆ. ಆದರೆ ಸತ್ತವನ ಹಿಂದೆ ಎಷ್ಟು ಜನ ಇದ್ದರೆಂಬುದರ ಮೇಲೆ ಆಗುವುದಿಲ್ಲ.

ಮರುವರ್ಷ ಅದೇ ತಿಂಗಳ ಮೊದಲ ಸೋಮವಾರ ನಾನು ಅಕ್ಕನ ಅಂಗಡಿಯಿರುವ ಇಕ್ಕಟ್ಟಿನ ಬೀದಿಗೆ ಹೋದೆ. ನನ್ನ ದಾರಿ ಅದಾಗಿರಲಿಲ್ಲ, ಬೇಕೆಂದೇ ಹೋದೆ. ಕಣ್ಣಿಗೆ ಬೀಳಬೇಡಿ ಅಂದಿದ್ದಳು, ಎದುರಿನ ಔಷಧಿ ಅಂಗಡಿಯ ಬಳಿ ನಿಂತು ನೋಡಿ ಬರೋಣ ಅಂದುಕೊಂಡೆ. ಇಷ್ಟು ವರ್ಷ ಆ ಒಂದು ದಿನ ಮುಚ್ಚಿರುತ್ತಿದ್ದ ಅಂಗಡಿ ತೆರೆದಿತ್ತು. ಬಾಗಿಲಲ್ಲಿ ನೀಲಿ ಲಂಗಗಳು ಸಾಲಾಗಿ ನೇತಾಡುತ್ತಿದ್ದವು. ಅವಳು ಯಂತ್ರದ ಮುಂದೆ ಕೂತು ಹೊಲಿಯುತ್ತಿದ್ದಳು. ತಾಯಿಯೊಬ್ಬಳು ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಮಗುವಿನ ಅಳತೆ ತೆಗೆದುಕೊಳ್ಳುವಂತೆ ಕೇಳಿದಳು.

ಅಕ್ಕ ತಲೆ ಎತ್ತಲಿಲ್ಲ. "ನಾಳೆ ಬನ್ನಿ ಅಮ್ಮ, ವರ್ಷಕ್ಕೆ ಇದೊಂದು ದಿನ ಅಂಗಡಿ ರಜೆ" ಅಂದಳು.

ತಾಯಿ ತೆರೆದ ಬಾಗಿಲನ್ನೂ ಓಡುತ್ತಿದ್ದ ಯಂತ್ರವನ್ನೂ ನೋಡಿ, ಏನೂ ತಿಳಿಯದೆ, ಮಗಳನ್ನು ಕರೆದುಕೊಂಡು ಕೆಳಗಿಳಿದಳು.